ಬೇಬಿ ಸೀಟ್ ತಂದದ್ದು ಒಂದು ದಿನ, ಕಟ್ಟಲು ಕಲಿತದ್ದು ಒಂದೂವರೆ ತಿಂಗಳು

ಒಂದೂವರೆ ತಿಂಗಳು ನನ್ನ ಮಗಳು ಕಾರಿನಲ್ಲಿ ತಪ್ಪಾಗಿ ಕಟ್ಟಿದ ಬೇಬಿ ಸೀಟಿನಲ್ಲಿ ಓಡಾಡಿದ್ದಾಳೆ. ಕಟ್ಟಿದ್ದು ಅಂಗಡಿಯ ಹುಡುಗ. ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದು ನಾನು. ಗೊತ್ತಾಗಿದ್ದು ಹಿರೀಸಾವೆ ಹತ್ತಿರ ಒಂದು ಎಮ್ಮೆ ಅಡ್ಡ ಬಂದಾಗ.

ನಾವಿರುವುದು ಬೆಂಗಳೂರಿನ ರಾಜಾಜಿನಗರದಲ್ಲಿ. ಅಪ್ಪ ಅಮ್ಮ ಹಾಸನದಲ್ಲಿ. ತಿಂಗಳಿಗೆ ಎರಡು ಸಲ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ಓಡಾಟ ಇದ್ದೇ ಇರುತ್ತದೆ. ಗಾಡಿ 2013ರದ್ದು, ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಸಣ್ಣ ಕಾರು. ಮಗಳಿಗೆ ಏಳು ತಿಂಗಳಾಗಿ ಎಂಟು ಕೆ.ಜಿ. ತೂಗುತ್ತಿದ್ದಾಗ ಬೇಬಿ ಸೀಟ್ ತರೋಣ ಅಂದೆ. ಅಲ್ಲಿಯವರೆಗೆ ಅವಳ ಸೀಟು ಅಂದರೆ ಅಮ್ಮನ ತೊಡೆ, ಇಲ್ಲದಿದ್ದರೆ ನನ್ನ ಹೆಂಡತಿಯ ತೊಡೆ.

ಅಮ್ಮನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ನಿನ್ನನ್ನ ನಾನು ತೊಡೆ ಮೇಲೆ ಇಟ್ಕೊಂಡೇ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿದ್ದು. ನನ್ನ ಕೈ ಬಿಗಿ ಇಲ್ವೇನೋ?" ಅಂದರು. ಕೈ ಬಿಗಿಯೇ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಗಾಡಿ ಏನಕ್ಕಾದರೂ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಆಗ ಎಂಟು ಕೆ.ಜಿ. ಮಗು 110 ಕೆ.ಜಿ.ಗೂ ಜಾಸ್ತಿ ಭಾರದಂತೆ ಮುಂದಕ್ಕೆ ಎಳೆಯುತ್ತದೆ. ಎರಡು ಮೂಟೆ ಅಕ್ಕಿಯನ್ನು ಇದ್ದಕ್ಕಿದ್ದಂತೆ ಹಿಡಿದು ನಿಲ್ಲಿಸಬೇಕು. ಕಾಗದದ ಮೇಲೆ ಬರೆದು ತೋರಿಸಿದೆ. ಅಮ್ಮ ನೋಡಿದರು, ಏನೂ ಹೇಳಲಿಲ್ಲ.

ಮೊದಲು ಬಂದದ್ದು ಪುಕ್ಕಟೆ ಸೀಟು. ಚಿಕ್ಕಮ್ಮನ ಮಗಳು ಫೋನ್ ಮಾಡಿ, "ಅಟ್ಟದ ಮೇಲೆ ನಮ್ಮ ಹುಡುಗಂದು ಇದೆ ಕಣೋ, ಸುಮ್ನೆ ಯಾಕೆ ದುಡ್ಡು ದಂಡ" ಅಂದಳು. ಹೋಗಿ ನೋಡಿದೆ. ಧೂಳು ಒರೆಸಿದರೆ ಹೊಸದರಂತೆಯೇ ಇತ್ತು. ತಿರುಗಿಸಿ ತಳ ನೋಡಿದರೆ ಪ್ಲಾಸ್ಟಿಕ್ಕಿನಲ್ಲಿ ಗಡಿಯಾರದ ಮುಖದಂಥ ಸಣ್ಣ ಅಚ್ಚು. ಮಧ್ಯದಲ್ಲಿ ಇಸವಿ, ಸುತ್ತ ತಿಂಗಳು, ಒಂದು ಬಾಣ. ಒಂಬತ್ತು ವರ್ಷ ಹಳೆಯದು. ಬೇಸಿಗೆಯ ಅಟ್ಟದಲ್ಲಿ ಅಷ್ಟು ವರ್ಷ ಕಾದ ಪ್ಲಾಸ್ಟಿಕ್ಕು. ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಸೀಟು ಯಾವುದಾದರೂ ಅಪಘಾತದಲ್ಲಿ ಇತ್ತಾ? "ಒಂದ್ಸಲ ಹಿಂದಿನಿಂದ ಗುದ್ದಿದ್ರು, ಏನೂ ಆಗಿರ್ಲಿಲ್ಲ" ಅಂದಳು. ಗುದ್ದು ತಿಂದ ಸೀಟಿನೊಳಗೆ ಬಿರುಕಿದ್ದರೆ ಹೊರಗೆ ಕಾಣುವುದಿಲ್ಲ. ಬೇಡ ಅಕ್ಕಾ ಅಂದೆ. ಒಂದು ವಾರ ಮುನಿಸಿಕೊಂಡಿದ್ದಳು.

ಆಮೇಲೆ ಅಂಗಡಿ. ಮಾರುವವನು ಮೊದಲು ತೋರಿಸಿದ್ದು ಐಸೋಫಿಕ್ಸ್ ಸೀಟು. ಹಿಂದಿನ ಆಸನದ ಬೆನ್ನು ಮತ್ತು ಕೂರುವ ಜಾಗದ ಸಂದಿಯಲ್ಲಿ ಎರಡು ಕಬ್ಬಿಣದ ಕೊಂಡಿ ಇರುತ್ತವೆ. ಬೇಬಿ ಸೀಟಿನ ಎರಡು ಕೈ ಅದಕ್ಕೆ ಟಕ್ ಅಂತ ಕಚ್ಚಿಕೊಳ್ಳುತ್ತವೆ. ಸೀಟು ಮಗುಚದಂತೆ ಹಿಂದಿನಿಂದ ಒಂದು ಪಟ್ಟಿ ಅಥವಾ ಕೆಳಗಿನಿಂದ ಒಂದು ಊರುಗೋಲು ಇರುತ್ತದೆ. ಕಟ್ಟುವಾಗ ತಪ್ಪಾಗುವುದು ಕಡಿಮೆ. "ಎಲ್ಲಾ ಗಾಡೀಲೂ ಇರುತ್ತೆ ಸಾರ್" ಅಂದ. ಸಂದಿಯಲ್ಲಿ ಕೈ ಹಾಕಿ ತಡಕಾಡಿದೆ. ಸಿಕ್ಕಿದ್ದು ಒಂದು ಎಂಟಾಣೆ ಮತ್ತು ಹಳೇ ಓನರಿನ ಬಾಚಣಿಗೆ.

ಹಾಗಾಗಿ ಗಾಡಿಯ ಸೀಟ್ ಬೆಲ್ಟಿನಲ್ಲೇ ಕಟ್ಟುವಂಥದ್ದು ಬೇಕಾಯಿತು. ಇಲ್ಲೊಂದು ಒಳ್ಳೇ ಬುದ್ಧಿ ಬಂತು ನನಗೆ. ದುಡ್ಡು ಕೊಡುವ ಮೊದಲೇ ಸೀಟನ್ನು ಪಾರ್ಕಿಂಗಿಗೆ ತರಿಸಿದೆ. ಮೊದಲನೆಯದಕ್ಕೆ ನಮ್ಮ ಬೆಲ್ಟು ಸಾಲಲೇ ಇಲ್ಲ. ಹಿಂದಕ್ಕೆ ಮುಖ ಮಾಡಿ ಕಟ್ಟುವ ಸೀಟಿಗೆ ಬೆಲ್ಟು ಮಗುವಿನ ಕಾಲ ಹತ್ತಿರದಿಂದ ಹೋಗಿ ಸೀಟಿನ ಬೆನ್ನನ್ನೂ ಬಳಸಿಕೊಂಡು ಬರಬೇಕು. ತುಂಬ ಉದ್ದ ತಿನ್ನುತ್ತದೆ. ಪೂರ್ತಿ ಎಳೆದರೂ ನಾಲ್ಕು ಬೆರಳು ಕಡಿಮೆ ಬಿತ್ತು. ಎರಡನೆಯದು ಸರಿಹೋಯಿತು. ಹುಟ್ಟಿದಾಗಿನಿಂದ 18 ಕೆ.ಜಿ.ವರೆಗೆ, 13 ಕೆ.ಜಿ.ವರೆಗೆ ಹಿಂದುಮುಖವಾಗಿ. ಬದಿಯಲ್ಲಿ ಕಿತ್ತಳೆ ಬಣ್ಣದ ಚೀಟಿ, ಅದರಲ್ಲಿ ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಅಂಕಿ, ಮೇಲೆ ಆರ್44/04. ಅದು ಯುರೋಪಿನ ಪರೀಕ್ಷೆ ಪಾಸಾದ ಗುರುತು. ಅದರ ನಂತರ ಬಂದ ಆರ್129ರಲ್ಲಿ ತೂಕದ ಬದಲು ಎತ್ತರ ನೋಡುತ್ತಾರೆ. ನಮ್ಮ ದೇಶದ್ದು ಎಐಎಸ್ 072. ಈ ಥರದ ಚೀಟಿ ಒಂದೂ ಇಲ್ಲದ, ಬರೀ ಬಟ್ಟೆ ಮತ್ತು ಸ್ಪಂಜಿನ ಸೀಟುಗಳೂ ಆನ್‌ಲೈನಲ್ಲಿ ಧಾರಾಳವಾಗಿ ಸಿಗುತ್ತವೆ. ಅವು ಮಗುವನ್ನು ಕೂರಿಸುತ್ತವೆ, ಹಿಡಿಯುವುದಿಲ್ಲ.

ಅಂಗಡಿಯ ಹುಡುಗ ಐದೇ ನಿಮಿಷದಲ್ಲಿ ಕಟ್ಟಿಕೊಟ್ಟ. ಕೈಪಿಡಿ ಡಿಕ್ಕಿಯಲ್ಲಿ ಬಿತ್ತು. ಪ್ಲಾಸ್ಟಿಕ್ ಕವರ್ ಕೂಡ ಒಡೆಯಲಿಲ್ಲ.

ಇನ್ನು ಎಮ್ಮೆ. ಬೆಳಗಿನ ಏಳೂವರೆ, ರಸ್ತೆ ಖಾಲಿ. ಡಿವೈಡರ್ ಸಂದಿಯಿಂದ ಬಂದೇಬಿಟ್ಟಿತು. ಬ್ರೇಕ್ ಒತ್ತಿ ನಿಲ್ಲಿಸಿದೆ, ಯಾರಿಗೂ ಏನೂ ಆಗಲಿಲ್ಲ. ಎಮ್ಮೆ ನಮ್ಮನ್ನೊಮ್ಮೆ ನೋಡಿ ಹೋಯಿತು. "ರೀ, ಸೀಟ್ ನೋಡ್ರೀ" ಅಂದಳು ಹೆಂಡತಿ. ಬೇಬಿ ಸೀಟು ಮುಂದಿನ ಆಸನದ ಬೆನ್ನಿಗೆ ವಾಲಿ, ಒಂದು ಮಗ್ಗುಲಿಗೆ ತಿರುಗಿ ನಿಂತಿತ್ತು. ಮಗಳು ಅದರೊಳಗೆ ಓರೆಯಾಗಿ, ನಿದ್ದೆಯಲ್ಲೇ. ಬರೀ ಬ್ರೇಕಿಗೆ ಹೀಗಾದರೆ ಗುದ್ದಿಗೆ ಏನಾಗುತ್ತಿತ್ತು?

ಅವತ್ತು ಮಧ್ಯಾಹ್ನ ಹಾಸನದ ಮನೆಯಂಗಳದಲ್ಲಿ ಕೂತು ಕೈಪಿಡಿ ಓದಿದೆ. ಸೀಟಿನಲ್ಲಿ ಬೆಲ್ಟು ಹೋಗಲು ಎರಡು ದಾರಿ ಇವೆ. ನೀಲಿ ಗುರುತು ಹಿಂದುಮುಖಕ್ಕೆ, ಕೆಂಪು ಗುರುತು ಮುಂದುಮುಖಕ್ಕೆ. ನಮ್ಮದು ಹಿಂದುಮುಖವಾಗಿದ್ದ ಸೀಟು, ಬೆಲ್ಟು ಕೆಂಪಿನಲ್ಲಿ! ಜೊತೆಗೆ ಬೆಲ್ಟು ಸಡಿಲ. ನಮ್ಮ ಗಾಡಿಯ ಬೆಲ್ಟು ಜರ್ಕ್ ಹೊಡೆದರಷ್ಟೇ ಲಾಕಾಗುತ್ತದೆ, ಮೆಲ್ಲಗೆ ಎಳೆದರೆ ಬರುತ್ತಲೇ ಇರುತ್ತದೆ. ಅದನ್ನು ಬಿಗಿಯಾಗಿ ಕಚ್ಚಿ ಹಿಡಿಯಲೆಂದೇ ಬೇಬಿ ಸೀಟಿನಲ್ಲಿ ಒಂದು ಕ್ಲಿಪ್ ಕೊಟ್ಟಿದ್ದರು. ಅದನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಪೂರ್ತಿ ಬಿಚ್ಚಿ ಮೊದಲಿನಿಂದ ಕಟ್ಟಿದೆ. ಜಾಗ ಎಡಗಡೆ ಹಿಂದೆ. ಮಗುವನ್ನು ಫುಟ್‌ಪಾತ್ ಕಡೆಯಿಂದಲೇ ಇಳಿಸಬಹುದು. ನಡುವಿನ ಜಾಗ ಇನ್ನೂ ಒಳ್ಳೆಯದಿತ್ತು, ಆದರೆ ನಮ್ಮ ಗಾಡಿಯಲ್ಲಿ ಅಲ್ಲಿರುವುದು ಬರೀ ಸೊಂಟದ ಬೆಲ್ಟು. ಮುಂದಿನ ಸೀಟು ಬೇಡವೇ ಬೇಡ. ಸನ್ ವೈಸರ್ ಮಡಚಿ ನೋಡಿದರೆ ಅಲ್ಲೇ ಚಿತ್ರ ಇದೆ: ಹಿಂದುಮುಖದ ಬೇಬಿ ಸೀಟು, ಉಬ್ಬಿದ ಏರ್‌ಬ್ಯಾಗು, ಮೇಲೆ ಅಡ್ಡಗೆರೆ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಹೊಡೆಯುವುದು ಮಗುವಿನ ತಲೆಯ ಹಿಂದಿನ ಪ್ಲಾಸ್ಟಿಕ್ಕಿಗೇ.

ಮಂಡಿಯನ್ನು ಬೇಬಿ ಸೀಟಿನೊಳಗೆ ಊರಿ ಮೈಭಾರವೆಲ್ಲ ಬಿಟ್ಟೆ. ಆಸನದ ಸ್ಪಂಜು ಕುಗ್ಗಿತು. ಒಂದು ಕೈಯಲ್ಲಿ ಬೆಲ್ಟು ಜಗ್ಗುತ್ತಾ ಇನ್ನೊಂದರಲ್ಲಿ ಕ್ಲಿಪ್ ಒತ್ತಿದೆ. ಮೂರನೇ ಸಲಕ್ಕೆ ಕೂತಿತು. ಬೆವರು ಇಳಿಯುತ್ತಿತ್ತು. ಆಮೇಲೆ ಪರೀಕ್ಷೆ. ಬೆಲ್ಟು ಹಾದುಹೋಗುವ ಜಾಗದಲ್ಲೇ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಬೇಕು. ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು. ಹಿಂದುಮುಖದ ಸೀಟಿನ ತಲೆಯ ತುದಿ ಹಿಡಿದು ಅಲ್ಲಾಡಿಸಿದರೆ ಎಷ್ಟು ಬಿಗಿದಿದ್ದರೂ ಸ್ವಲ್ಪ ಆಡುತ್ತದೆ, ಅದಕ್ಕೆ ಹೆದರಬೇಕಿಲ್ಲ. ಗಾಡಿ ಬೆಲ್ಟಿನ ಬಕಲ್ ಬೇಬಿ ಸೀಟಿನ ಅಂಚಿನ ಮೇಲೆ ಅಡ್ಡ ಕೂತಿಲ್ಲ ಅಂತಲೂ ನೋಡಿಕೊಂಡೆ. ಹಾಗೆ ಕೂತರೆ ಎಳೆತಕ್ಕೆ ಮುರಿಯಬಹುದು.

ಓರೆ ಎಷ್ಟಿರಬೇಕು ಅನ್ನುವುದೂ ಮುಖ್ಯ. ಸೀಟು ತೀರಾ ನೆಟ್ಟಗಿದ್ದರೆ ಸಣ್ಣ ಮಗುವಿನ ತಲೆ ಎದೆಗೆ ಬಾಗುತ್ತದೆ, ಉಸಿರಿಗೆ ತೊಂದರೆ. ನಮ್ಮ ಸೀಟಿನ ಮಗ್ಗುಲಲ್ಲಿ ಒಂದು ಗೆರೆ ಇದೆ, ಅದು ನೆಲಕ್ಕೆ ಸಮವಾಗಿರಬೇಕು. ಕಾರಿನ ಆಸನವೇ ಹಿಂದಕ್ಕೆ ಇಳಿಜಾರು, ಹಾಗಾಗಿ ಗೆರೆ ಓರೆಯಾಗಿತ್ತು. ಟವೆಲ್ ಸುರುಳಿ ಸುತ್ತಿ ಆ ಸಂದಿಗೆ ಕೊಡಬಹುದು ಅಂತ ಕೈಪಿಡಿಯಲ್ಲೇ ಇತ್ತು (ಎಲ್ಲ ಸೀಟಿಗೂ ಇದು ನಡೆಯುವುದಿಲ್ಲ, ಓದಿಕೊಳ್ಳಿ). ಅಪ್ಪನ ಹಳೇ ಟವೆಲ್ ಕೊಟ್ಟು ಸರಿಮಾಡಿದೆ. ಬೆಂಗಳೂರಿಗೆ ಬಂದು ನೋಡಿದರೆ ಗೆರೆ ಮತ್ತೆ ಓರೆ! ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ನಮ್ಮ ಮನೆ ಮುಂದಿನ ರಸ್ತೆಯೇ ಇಳಿಜಾರು.

ಮಗುವನ್ನು ಕೂರಿಸುವುದು ಇನ್ನೊಂದು ಅಧ್ಯಾಯ. ಅಮ್ಮ ಕುಲಾವಿ, ಸ್ವೆಟರ್ ಹಾಕಿ, ತಲೆಯಡಿಗೆ ಸಾಸಿವೆ ದಿಂಬು ಇಟ್ಟು ತಯಾರು ಮಾಡಿರುತ್ತಿದ್ದರು. ದಿಂಬು ತಲೆಯನ್ನು ಮುಂದಕ್ಕೆ ದೂಡುತ್ತದೆ, ತೆಗೆದೆ. ಸ್ವೆಟರಿನದು ನನಗೂ ಹೊಳೆದಿರಲಿಲ್ಲ. ಅದರ ಮೇಲೆ ಪಟ್ಟಿ (ಮಗುವನ್ನು ಹಿಡಿಯುವ, ಬೇಬಿ ಸೀಟಿನದೇ ಬೆಲ್ಟು) ಬಿಗಿದೆ, ಆಮೇಲೆ ಪಟ್ಟಿಯ ಉದ್ದ ಬದಲಿಸದೆ ಸ್ವೆಟರ್ ಬಿಚ್ಚಿ ಮತ್ತೆ ಕೂರಿಸಿದೆ. ಭುಜದ ಮೇಲೆ ಎರಡು ಬೆರಳು ಸಲೀಸಾಗಿ ಹೋದವು. ಬಿಗಿ ಆಗಿದ್ದದ್ದು ಉಣ್ಣೆಗೆ, ಮಗುವಿಗಲ್ಲ. ಈಗ ತೆಳು ಬಟ್ಟೆಯ ಮೇಲೆ ಪಟ್ಟಿ ಹಾಕಿ, ಚಳಿಯಿದ್ದರೆ ಮೇಲಿಂದ ಹೊದಿಕೆ ಹೊದಿಸುತ್ತೇವೆ. ಎಷ್ಟು ಬಿಗಿ ಅಂದರೆ, ಭುಜದ ಮೂಳೆಯ ಹತ್ತಿರ ಪಟ್ಟಿಯನ್ನು ಬೆರಳಲ್ಲಿ ಚಿವುಟಲು ಹೋದರೆ ಮಡಿಕೆ ಸಿಗಬಾರದು. ಹಿಂದುಮುಖ ಇದ್ದಾಗ ಪಟ್ಟಿ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು. ಮುಂದುಮುಖ ಆದ ಮೇಲೆ ಭುಜದ ಮಟ್ಟ ಅಥವಾ ಸ್ವಲ್ಪ ಮೇಲೆ.

ನೆಂಟರೆಲ್ಲ ಕೇಳಿದ್ದು ಒಂದೇ: ಯಾಕಪ್ಪ ಮಗೂನ ಹಿಂದಕ್ಕೆ ತಿರುಗಿಸಿ ಕೂರಿಸಿದೀಯ, ಕಾಲು ನೋಯಲ್ವಾ? ಕಾಲು ಮಡಚಿ ಕೂರುವುದು ಮಕ್ಕಳಿಗೆ ಕಷ್ಟವೇ ಅಲ್ಲ. ಕಷ್ಟ ಇರುವುದು ಕತ್ತಿಗೆ. ಹುಟ್ಟಿದ ಮಗುವಿನ ತಲೆ ಮೈಯುದ್ದದ ಕಾಲು ಭಾಗ, ಕತ್ತು ಇನ್ನೂ ಎಳೆಯದು. ಮುಂದಿನಿಂದ ಗುದ್ದಿದಾಗ ಮುಂದುಮುಖದ ಮಗುವಿನ ಮೈಯನ್ನು ಪಟ್ಟಿ ಹಿಡಿಯುತ್ತದೆ, ತಲೆಯನ್ನು ಕತ್ತೊಂದೇ ಹಿಡಿಯಬೇಕು. ಹಿಂದುಮುಖ ಇದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಬೆನ್ನೇ ಒಟ್ಟಿಗೆ ಹೊರುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅವರಿಗೆ ಇದು ಹೊಳೆದದ್ದು ಗಗನಯಾತ್ರಿಗಳು ಬೆನ್ನು ಕೊಟ್ಟು ಮಲಗಿದಂತೆ ಕೂರುವುದನ್ನು ಕಂಡು. ಇದನ್ನು ಅಮ್ಮನಿಗೆ ಹೇಳಿದೆ. "ನನ್ನ ಮೊಮ್ಮಗಳು ಹಾಸನಕ್ಕೆ ಬರೋದು ಕಣೋ, ಚಂದ್ರಲೋಕಕ್ಕಲ್ಲ" ಅಂದರು. ಆದರೆ ಅವತ್ತಿನಿಂದ ಪಟ್ಟಿ ಹಾಕುವುದು ಅವರೇ.

ಅಳು ಇತ್ತು. ಮೊದಮೊದಲು ಮಾಗಡಿ ರಸ್ತೆ ದಾಟುವಷ್ಟರಲ್ಲಿ ಕಿರುಚಾಟ. ಸಂಜೆ ಹತ್ತು ಹತ್ತು ನಿಮಿಷ ಸುಮ್ನೆ ಒಂದು ಸುತ್ತು ಹೊಡೆದು ಅಭ್ಯಾಸ ಮಾಡಿಸಿದೆವು. ಮೂರನೇ ವಾರಕ್ಕೆ ತಣ್ಣಗಾದಳು. ದೂರ ಹೋಗುವಾಗ ಎರಡು ಗಂಟೆಗೊಮ್ಮೆ ನಿಲ್ಲಿಸಿ ಎತ್ತಿಕೊಳ್ಳುತ್ತೇವೆ, ಹಾಲು ಕುಡಿಸುವುದೂ ಆಗಲೇ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಬಕಲಿನ ಲೋಹ ಸುಡುತ್ತದೆ, ಕೂರಿಸುವ ಮೊದಲು ಮುಟ್ಟಿ ನೋಡಬೇಕು. ಒಂದು ಸಲ ಬಕಲ್ ಕ್ಲಿಕ್ಕೇ ಆಗಲಿಲ್ಲ. ತಲೆಕೆಳಗು ಮಾಡಿ ಕುಟ್ಟಿದರೆ ಒಳಗಿಂದ ಚಕ್ಕುಲಿ ಚೂರು ಉದುರಿತು.

ಕಾನೂನಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ 194ಬಿ ಅಂತ ಸೇರಿಸಿದ್ದಾರೆ. 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿದರೆ 1000 ರೂಪಾಯಿ ದಂಡ. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ.

13 ಕೆ.ಜಿ. ಆಗುವವರೆಗೂ ಹಿಂದುಮುಖವಾಗಿಯೇ ಇಟ್ಟೆ, ಅಷ್ಟೊತ್ತಿಗೆ ಅವಳಿಗೆ ಎರಡೂವರೆ ವರ್ಷ ದಾಟಿತ್ತು. ಆಮೇಲೆ ತಿರುಗಿಸಿ, ಈ ಸಲ ಬೆಲ್ಟನ್ನು ನಿಜವಾಗಿ ಕೆಂಪು ದಾರಿಯಲ್ಲಿ ಹಾಕಿದೆ. ಈಗ 18ರ ಹತ್ತಿರ ಬಂದಿದ್ದಾಳೆ, ಬೆನ್ನಿರುವ ಬೂಸ್ಟರ್ (ಗಾಡಿಯ ಬೆಲ್ಟೇ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು) ನೋಡುತ್ತಿದ್ದೇವೆ. ಹಳೇ ಸೀಟನ್ನು ನನ್ನ ಭಾಮೈದ ಕೇಳಿದ, ಅವನಿಗೆ ಗಂಡುಮಗು ಹುಟ್ಟಿದೆ. ತಳ ತಿರುಗಿಸಿ ಅಚ್ಚು ನೋಡಿದೆ, ಕಂಪನಿ ಹೇಳಿದ ಅವಧಿಗೆ ಇನ್ನೂ ಮೂರು ವರ್ಷ ಇದೆ. ಗುದ್ದು ತಿಂದಿಲ್ಲ, ಅದು ನನಗೇ ಗೊತ್ತು. ಕೈಪಿಡಿ ಸಮೇತ ತಗೊಂಡು ಹೋಗಿ ಅವನ ಗಾಡಿಯಲ್ಲಿ ನಾನೇ ಮಂಡಿಯೂರಿ ಕಟ್ಟಿದೆ, ಆಮೇಲೆ ಬಿಚ್ಚಿ ಅವನ ಕೈಯಲ್ಲಿ ಎರಡು ಸಲ ಕಟ್ಟಿಸಿದೆ. ಅವನ ಗಾಡಿಯ ಆಸನ ಸಮತಟ್ಟಾಗಿದೆ. ಟವೆಲ್ ಬೇಕಾಗಲಿಲ್ಲ, ವಾಪಸ್ ತಂದೆ.