ಹಳೇ ಕಂಪ್ಯೂಟರ್‌ನಲ್ಲಿ ಗೇಮ್ ನಿಲ್ಲುತ್ತಿತ್ತು, ಹೀಗೆ ಸರಿಯಾಯ್ತು

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಂಪ್ಯೂಟರ್‌ಗೆ 11 ವರ್ಷ. ಮಗ ಕಾರ್ ರೇಸ್ ಆಡಲು ಕೂತರೆ ಹತ್ತೇ ನಿಮಿಷಕ್ಕೆ ಪರದೆ ನೀಲಿಯಾಗಿ ಬಂದ್. ವಿಂಡೋಸ್ ಮತ್ತೆ ಹಾಕಿದೆ, ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ಬದಲಿಸಿದೆ. ಸುಮ್ನೆ ಎರಡು ಭಾನುವಾರ ಹೋದವು.

ಕೊನೆಗೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಪರೀಕ್ಷೆ ಓಡಿಸಿದೆ. ರ‍್ಯಾಮ್‌ನಲ್ಲಿ (ಕೆಲಸದ ಹೊತ್ತಿಗೆ ಮಾಹಿತಿ ಹಿಡಿದಿಡುವ ಮೆಮೊರಿ ಬಿಲ್ಲೆ) ದೋಷ ಅಂತ ತೋರಿಸಿತು. ಪ್ಲಗ್ ಕಿತ್ತು, ಡಬ್ಬಿ ಬಿಚ್ಚಿ, ರ‍್ಯಾಮ್ ಹೊರತೆಗೆದೆ. ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ತೆಳ್ಳಗೆ ಕಪ್ಪು ಪೊರೆ. ಕಡಲ ಉಪ್ಪುಗಾಳಿ, ಮಳೆಗಾಲದ ತೇವ, ಇಷ್ಟು ವರ್ಷ ತಡೆದದ್ದೇ ಜಾಸ್ತಿ ಅಲ್ವಾ! ಮಗನ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿದೆ. ಪುಡಿ ಕೊಡವಿ, ‘ಟಕ್’ ಅನ್ನುವವರೆಗೆ ಒತ್ತಿ ಕೂರಿಸಿದೆ. ಪ್ರೊಸೆಸರ್ ಮೇಲೆ ಒಣಗಿದ್ದ, ಬಿಸಿ ಹೊರಸಾಗಿಸುವ ಪೇಸ್ಟನ್ನೂ ಒರೆಸಿ ಹೊಸದು ಹಚ್ಚಿದೆ.

ಮತ್ತೆ ಪರೀಕ್ಷಿಸಿದರೆ ದೋಷವೇ ಇಲ್ಲ. ನಿನ್ನೆ ಮಗ ಎರಡು ಗಂಟೆ ಆಡಿದ, ಒಮ್ಮೆಯೂ ನಿಲ್ಲಲಿಲ್ಲ.