ಸಂಡಾಸಿನ ಗುಂಡಿಯಿಂದ ಕೆಟ್ಟ ಬಾವಿ: ನಾವು ಸರಿಮಾಡಿದ ಬಗೆ

ನಮ್ಮ ಮನೆ ಇರುವುದು ಹೊನ್ನಾವರ ತಾಲ್ಲೂಕಿನಲ್ಲಿ, ಒಂದು ಗುಡ್ಡದ ಬುಡದಲ್ಲಿ. ಚಿರೇಕಲ್ಲಿನ ನೆಲ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಬಾವಿ ಅಜ್ಜ ತೋಡಿಸಿದ್ದು, ಎಂಟು ಅಡಿ ಅಗಲ. ನೀರು ಸಿಹಿಯಾಗಿರಲಿ ಅಂತ ತಳಕ್ಕೆ ನೆಲ್ಲಿಮರದ ಹಲಗೆ ಹಾಕಿಸಿದ್ದರಂತೆ. ಐದು ವರ್ಷದ ಹಿಂದೆ ಜುಲೈನಲ್ಲಿ ನನ್ನ ಮಗಳಿಗೂ ಅಣ್ಣನ ಮಗನಿಗೂ ಒಂದೇ ವಾರ ವಾಂತಿ-ಭೇದಿ ಹಿಡಿಯಿತು. ಡಾಕ್ಟರು ಮೊದಲು ಕೇಳಿದ್ದೇ, "ಬಾವಿಗೂ ಸಂಡಾಸಿನ ಗುಂಡಿಗೂ ಎಷ್ಟು ದೂರ ಇದೆ?" ಎಂದು. ಮನೆಗೆ ಬಂದು ಟೇಪು ಹಿಡಿದೆವು. 22 ಅಡಿ. ಅದೂ ಬಾವಿಗಿಂತ ಮೇಲಿನ ಕಡೆ.

ನಿಮ್ಮ ಬಾವಿಗೂ ಹೀಗೇ ಆಗಿದ್ದರೆ, ಮೊದಲ ದಿನವೇ ಬ್ಲೀಚಿಂಗ್ ಪೌಡರ್ ತಂದು ಸುರಿಯಬೇಡಿ. ನಾವು ಅದನ್ನೇ ಮಾಡಿದ್ದೆವು. ಎರಡು ದಿನ ವಾಸನೆ ಬಂತು, ಮೂರನೇ ದಿನ ಮತ್ತೆ ಅದೇ ಹೊಲಸು ನೀರು. ಮೇಲಿಂದ ಕೊಳೆ ಇಳಿಯುತ್ತಲೇ ಇರುವಾಗ ಬಾವಿಯನ್ನು ಎಷ್ಟು ತೊಳೆದರೇನು?

ಆ ನೀರು ಕುಡಿಯುವುದನ್ನು ಮೊದಲು ನಿಲ್ಲಿಸಿ. ನಾವು ಕುಡಿಯಲು ದೊಡ್ಡಪ್ಪನ ಮನೆ ಬಾವಿಯಿಂದ ಕೊಡಪಾನದಲ್ಲಿ ಹೊತ್ತು ತಂದೆವು, ಅದನ್ನೂ ಕುದಿಸಿಯೇ ಕುಡಿದೆವು. ನೀರು ಬಿಸಿಯಾದರೆ ಸಾಲದು, ಗುಳ್ಳೆ ಎದ್ದು ಒಂದು ನಿಮಿಷವಾದರೂ ಕೊತಕೊತ ಕುದಿಯಬೇಕು.

ಆಮೇಲೆ ಪರೀಕ್ಷೆ. ಔಷಧಿ ಸೀಸೆಯಷ್ಟು ಚಿಕ್ಕ ಬಾಟಲಿ ಸಿಗುತ್ತದೆ, ಎಚ್2ಎಸ್ ಬಾಟಲಿ ಎನ್ನುತ್ತಾರೆ. ಗುರುತಿನವರೆಗೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿಡಬೇಕು. ಒಂದೆರಡು ದಿನದಲ್ಲಿ ಕಪ್ಪಾದರೆ ನೀರಿನಲ್ಲಿ ಮಲ ಸೇರಿರಬಹುದು ಎಂದು ಅರ್ಥ. ಈ ಪರೀಕ್ಷೆಯನ್ನು 1982ರಲ್ಲಿ ರೂಪಿಸಿದವರು ನಮ್ಮ ದೇಶದ ವಿಜ್ಞಾನಿಗಳೇ. ನೀರಿನಲ್ಲಿ ಸಹಜವಾಗಿ ಗಂಧಕದ ಅಂಶ ಇದ್ದರೂ ಕಪ್ಪಾಗುವುದುಂಟು. ಅದಕ್ಕೇ ಕಪ್ಪಾದ ಮೇಲೆ ಸರಕಾರಿ ನೀರು ಪರೀಕ್ಷಾ ಲ್ಯಾಬಿಗೂ ಕೊಡಿ. ಪಂಚಾಯಿತಿಯಲ್ಲಿ ಕಿಟ್ ಇದೆಯಾ ಎಂದೂ ಕೇಳಿ. ಲ್ಯಾಬಿನವರು ಕೊಡುವ ಶುದ್ಧ ಬಾಟಲಿಯಲ್ಲೇ ನೀರು ಒಯ್ಯಬೇಕು. ನಮ್ಮ ದೇಶದ ಮಾನದಂಡದ ಪ್ರಕಾರ 100 ಮಿಲಿ ನೀರಿನಲ್ಲಿ ಇ-ಕೊಲೈ (ಮಲದಲ್ಲಿರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಮಲ-ಮೂತ್ರದಿಂದ ನೀರಿಗೆ ಸೇರುವ ನೈಟ್ರೇಟ್ ಎಂಬ ಲವಣವನ್ನೂ ನೋಡಿಸಿ. ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ಬ್ಲೀಚಿಂಗಿಗೂ ಜಗ್ಗುವುದಿಲ್ಲ. ಮನೆಯಲ್ಲಿ ಎಳೆಗೂಸಿದ್ದರೆ ಇದು ತುಂಬಾ ಮುಖ್ಯ.

ಕೊಳೆ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡುವುದರಲ್ಲೇ ನಮಗೆ ಜಾಸ್ತಿ ಹೊತ್ತು ಹಿಡಿಯಿತು. ಅಪ್ಪ ಒಪ್ಪಲೇ ಇಲ್ಲ. "ಸಂಡಾಸು ಕಟ್ಟಿ ಏಳು ವರ್ಷ ಆಯಿತು, ಇಷ್ಟು ದಿನ ಇಲ್ಲದ್ದು ಈಗ ಹೇಗೆ ಬಂತು?" ಎನ್ನುತ್ತಿದ್ದರು. ನಾನೊಂದು ಟಿಡಿಎಸ್ ಮೀಟರ್ ತರಿಸಿದೆ. ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ಅದು ಅಂದಾಜಾಗಿ ತೋರಿಸುತ್ತದೆ. ಪೆನ್ನಿನ ಗಾತ್ರದ್ದು, ಬೆಲೆ ಕಡಿಮೆ. ನಮ್ಮ ಕಡೆಯ ಚಿರೇಕಲ್ಲಿನ ಬಾವಿ ನೀರಿನಲ್ಲಿ ಲವಣ ತೀರಾ ಕಡಿಮೆ. ದೊಡ್ಡಪ್ಪನ ಬಾವಿಯಲ್ಲಿ ಮೀಟರ್ 60 ತೋರಿಸಿತು, ನಮ್ಮದರಲ್ಲಿ 210. ಆಮೇಲೆ ಐದು ಕೆಜಿ ಕಲ್ಲುಪ್ಪು ಕರಗಿಸಿ ಸಂಡಾಸಿನಲ್ಲಿ ಸುರಿದು, ಮೇಲಿಂದ ಆರು ಬಕೆಟ್ ನೀರು ಹಾಕಿದೆವು. ಬೆಳಿಗ್ಗೆ-ಸಂಜೆ ಬಾವಿ ನೀರಿಗೆ ಮೀಟರ್ ಅದ್ದಿ ಕ್ಯಾಲೆಂಡರಿನಲ್ಲಿ ಬರೆಯುತ್ತಾ ಹೋದೆ. ಮೂರನೇ ದಿನ ಸಂಜೆ 255. ಅಪ್ಪ ಕನ್ನಡಕ ಹಾಕಿಕೊಂಡು ಆ ಅಂಕಿ ನೋಡಿದರು. ಆಮೇಲೆ ಒಂದು ಮಾತೂ ಆಡಲಿಲ್ಲ.

ಏಳು ವರ್ಷ ಏನೂ ಆಗಲಿಲ್ಲ ಎಂದರೆ ಬಾವಿ ಚೆನ್ನಾಗಿತ್ತು ಎಂದೇನೂ ಅಲ್ಲ. ಗುಂಡಿಯಿಂದ ಇಳಿದದ್ದನ್ನು ಸ್ವಲ್ಪ ಮಟ್ಟಿಗೆ ಮಣ್ಣು ತಡೆಯುತ್ತದೆ. ಆದರೆ ಚಿರೇಕಲ್ಲಿನಲ್ಲಿ ತೂತು, ಬಿರುಕು ಜಾಸ್ತಿ. ಅದರೊಳಗೆ ನೀರು ಸೋಸಿ ಇಳಿಯುವುದಿಲ್ಲ, ಪೈಪಿನಲ್ಲಿ ಹರಿದ ಹಾಗೆ ಹರಿಯುತ್ತದೆ. ಮಳೆಗಾಲದಲ್ಲಂತೂ ನೆಲದೊಳಗಿನ ನೀರು ಮೇಲೇರಿ ಗುಂಡಿಯ ತಳಕ್ಕೇ ಮುಟ್ಟುತ್ತದೆ. ಅಲ್ಲಿಂದಾಚೆ ಗುಂಡಿ, ಬಾವಿ ಎರಡೂ ಒಂದೇ ನೀರು.

ಆವತ್ತಿನಿಂದಲೇ ಆ ಸಂಡಾಸು ಬಂದ್ ಮಾಡಿದೆವು. ಮಳೆ ಮುಗಿಯುವವರೆಗೆ ದೊಡ್ಡಪ್ಪನ ಮನೆಯದ್ದನ್ನೇ ಬಳಸಿದೆವು. ಕಷ್ಟ ಆಯಿತು, ಆಯಿಗೆ ಮೊಣಕಾಲು ನೋವು ಬೇರೆ. ಆದರೆ ಇದನ್ನು ಮುಂದೂಡಬೇಡಿ.

ಹೊಸ ಗುಂಡಿ ತೋಡಿಸಿದ್ದು ಡಿಸೆಂಬರಿನಲ್ಲಿ. ಬಾವಿಗಿಂತ ಇಳಿಜಾರಿನಲ್ಲಿ, 60 ಅಡಿ ದೂರದಲ್ಲಿ. 50 ಅಡಿ ಸಾಕು ಎನ್ನುವುದು ರೂಢಿ, ಆದರೆ ಬಿರುಕಿನ ಕಲ್ಲಿದ್ದರೆ ಆದಷ್ಟು ದೂರ ಹೋಗಿ. ಗುಂಡಿ ಆಳವಾಗಿದ್ದಷ್ಟೂ ಒಳ್ಳೆಯದು ಎಂದು ಮೇಸ್ತ್ರಿಗಳು ಹೇಳುತ್ತಾರೆ. ಕೇಳಬೇಡಿ. ಗುಂಡಿಯ ತಳಕ್ಕೂ ನೆಲದೊಳಗಿನ ನೀರಿಗೂ ನಡುವೆ ಆರೇಳು ಅಡಿ ಒಣ ನೆಲ ಇರಬೇಕು. ಆ ನೀರಿನ ಮಟ್ಟವನ್ನು ಏಪ್ರಿಲ್‌ನಲ್ಲಿ ನೋಡಿ ಲೆಕ್ಕ ಹಾಕಬೇಡಿ, ಆಗಸ್ಟ್‌ನಲ್ಲಿ ನೋಡಿ. ನಾವು ನಾಲ್ಕು ಅಡಿ ಆಳದ ಎರಡು ಗುಂಡಿ ಮಾಡಿದೆವು. ತಳಕ್ಕೆ ಕಾಂಕ್ರೀಟ್, ಸುತ್ತ ಒಂದೂವರೆ ಅಡಿ ದಪ್ಪಕ್ಕೆ ಸಣ್ಣ ಮರಳು. ಒಂದು ತುಂಬಿದ ಮೇಲೆ ಮುಚ್ಚಿ ಇನ್ನೊಂದನ್ನು ಬಳಸುವುದು. ಮುಚ್ಚಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಗೊಬ್ಬರವಾಗುತ್ತದೆ.

ಹಳೆ ಗುಂಡಿಯನ್ನು ಸುಮ್ನೆ ಮಣ್ಣು ಹಾಕಿ ಮುಚ್ಚಿಬಿಡಬೇಡಿ, ಒಳಗಿನದ್ದು ಇಳಿಯುತ್ತಲೇ ಇರುತ್ತದೆ. ಹೀರುವ ಟ್ಯಾಂಕರ್ ಗಾಡಿ ಕರೆಸಿ ಖಾಲಿ ಮಾಡಿಸಿ. ದುಡ್ಡು ಉಳಿಸಲಿಕ್ಕೆ ಯಾವ ಮನುಷ್ಯನನ್ನೂ ಒಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅದು ಅಪರಾಧ. ಕಾನೂನಿಗಿಂತ ದೊಡ್ಡ ಮಾತು, ಗುಂಡಿಯ ಗಾಳಿ ಎರಡೇ ಉಸಿರಿಗೆ ಜೀವ ತೆಗೆಯುತ್ತದೆ. ಖಾಲಿಯಾದ ಮೇಲೆ ನಾವು ಮೇಲಿನಿಂದಲೇ ನಾಲ್ಕು ಚೀಲ ಸುಣ್ಣ ಹಾಕಿದೆವು. ಒಂದು ತಿಂಗಳು ಬಿಟ್ಟು ಜೆಸಿಬಿಯಿಂದ ಸುತ್ತಲಿನ ಕಪ್ಪು ಮಣ್ಣು ತೆಗೆಸಿ, ಬಾವಿಯಿಂದ ದೂರ, ತೋಟದ ಆಚೆ, ಮಳೆನೀರು ನಿಲ್ಲದ ಕಡೆ ಹೂಳಿಸಿದೆವು. ಖಾಲಿ ಜಾಗಕ್ಕೆ ಜಿಗುಟು ಮಣ್ಣು ತುಂಬಿಸಿ ಗಟ್ಟಿಯಾಗಿ ಬಡಿಸಿದೆವು.

ಬಾವಿಯ ಕೆಲಸ ಮೇ ತಿಂಗಳಿಗೆ, ನೀರು ತಳ ಕಂಡಾಗ. ಡೀಸೆಲ್ ಅಥವಾ ಸೀಮೆಎಣ್ಣೆ ಪಂಪನ್ನು ಬಾವಿಯೊಳಗೆ ಇಳಿಸಲೇಬೇಡಿ, ಅದರ ಹೊಗೆ ಕೆಳಗೇ ನಿಂತು ಆಳನ್ನು ಕೊಲ್ಲುತ್ತದೆ. ಪಂಪು ಹೊರಗಿರಲಿ. ದೀಪ ಇಳಿಸಿ ನೋಡುವ ಹಳೆ ಪದ್ಧತಿ ಇದೆಯಲ್ಲ, ದೀಪ ಆರಿದರೆ ಇಳಿಯಲೇಬಾರದು. ಆರದಿದ್ದರೂ ಎಲ್ಲ ವಿಷಗಾಳಿ ಅದರಲ್ಲಿ ಗೊತ್ತಾಗುವುದಿಲ್ಲ. ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇರಲೇಬೇಕು. ನಮ್ಮಲ್ಲಿ ಕೆಸರು ಎತ್ತಿಸಿ, ಗೋಡೆ ಉಜ್ಜಿಸಿ, ಮೇಲಿನ ಹತ್ತು ಅಡಿಗೆ ಸಿಮೆಂಟ್ ಗಿಲಾವು ಮಾಡಿಸಿದೆವು. ಸುತ್ತ ನಾಲ್ಕು ಅಡಿ ಅಗಲದ ಕಟ್ಟೆ, ಹೊರಗೆ ಇಳಿಜಾರು. ಬಟ್ಟೆ ಒಗೆಯುವ ಕಲ್ಲನ್ನೂ ದೂರ ಸರಿಸಿದೆವು.

ನೀರು ಮತ್ತೆ ತುಂಬಿದ ಮೇಲೆ ಬ್ಲೀಚಿಂಗ್. ಲೆಕ್ಕ ಸುಲಭ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಆಮೇಲೆ 785ರಿಂದ. ಬಂದದ್ದು ಲೀಟರ್. ನಮ್ಮದು 2.4 ಮೀಟರ್ ಅಗಲ, 3 ಮೀಟರ್ ನೀರು, ಅಂದರೆ ಸುಮಾರು 13,500 ಲೀಟರ್. ಮೊದಲ ಸಲ ಸಾವಿರ ಲೀಟರಿಗೆ 150 ಗ್ರಾಂ, ಒಟ್ಟು ಎರಡು ಕೆಜಿ. ಪುಡಿ ಹೊಸದಾಗಿರಲಿ. ಬಾಯಿ ಬಿಚ್ಚಿಟ್ಟ ಚೀಲದ್ದರಲ್ಲಿ ಸತ್ವ ಇರುವುದಿಲ್ಲ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಿ. ಕೊಡ ಮುಳುಗಿಸಿ ಎತ್ತಿ ಕಲಕಿ. ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ವಾಸನೆ ಹೋಗುವವರೆಗೆ ನೀರು ಎತ್ತಿ ಹೊರಹಾಕಿ. ಆ ನೀರು ಗಿಡದ ಬುಡಕ್ಕೂ ಹೊಳೆಗೂ ಹೋಗಬಾರದು. ಬ್ಲೀಚಿಂಗ್ ಜೊತೆ ಆಸಿಡ್ ಎಂದೂ ಸೇರಿಸಬೇಡಿ.

ಜೂನ್‌ನಲ್ಲಿ ಬಾಟಲಿ ಕಪ್ಪಾಗಲಿಲ್ಲ. ನಮಗೆ ಹಬ್ಬ. ಜುಲೈ ಮಳೆಗೆ ಮತ್ತೆ ಕಪ್ಪಾಯಿತು. ಆಯಿ ಬಾವಿಕಟ್ಟೆ ಮೇಲೆ ಕೂತು ಅತ್ತಳು. ಗುಂಡಿ ಹೋಗಿದ್ದರೂ ಏಳು ವರ್ಷ ಕಲ್ಲಿನ ಬಿರುಕಿನಲ್ಲಿ ಕೂತ ಕೊಳೆ ಮಳೆಯ ಜೊತೆ ಇಳಿಯುತ್ತಿತ್ತು. ಅದನ್ನು ಕೈ ಹಾಕಿ ತೆಗೆಯಲಾಗುವುದಿಲ್ಲ. ಮಳೆ ತೊಳೆಯಬೇಕು, ನಾವು ನೀರೆತ್ತಿ ಹೊರಹಾಕುತ್ತಿರಬೇಕು. ಆ ಮಳೆಗಾಲ ಪೂರ್ತಿ ದಿನವೂ ಪಂಪು ಹಚ್ಚಿ ನೀರು ತೆಗೆದೆವು. ರಾತ್ರಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಹಾಕಿದೆವು. ಒಂದು ಗಂಟೆ ಬಿಟ್ಟು ಕ್ಲೋರಿನ್ ಕಿಟ್ಟಿನಲ್ಲಿ ನೋಡಿದಾಗ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು, ಇಲ್ಲದಿದ್ದರೆ ಇನ್ನಷ್ಟು ಹಾಕಬೇಕು. ಕುಡಿಯುವ ನೀರು ಆಗಲೂ ದೊಡ್ಡಪ್ಪನ ಮನೆಯದ್ದೇ.

ಈ ವಿಧಾನ ಮಲ-ಮೂತ್ರದ ಕೊಳೆಗೆ ಮಾತ್ರ. ನೀರಿನ ಮೇಲೆ ಎಣ್ಣೆಯ ಪೊರೆ ಕಂಡರೆ, ಪೆಟ್ರೋಲ್ ವಾಸನೆ ಬಂದರೆ, ಹತ್ತಿರ ಕಾರ್ಖಾನೆ ಇದ್ದರೆ, ಬ್ಲೀಚಿಂಗ್ ಏನೂ ಮಾಡುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ದೂರು ಕೊಡಿ.

ಮೀಟರಿನ ಅಂಕಿ ನಿಧಾನವಾಗಿ ಇಳಿಯಿತು. 210, 170, 130. ಎರಡನೇ ಮಳೆಗಾಲ ಕಳೆದು ಅಕ್ಟೋಬರಿನಲ್ಲಿ 75. ಬೇರೆ ಬೇರೆ ತಿಂಗಳಲ್ಲಿ ಮೂರು ಸಲ ಲ್ಯಾಬಿಗೆ ಕೊಟ್ಟೆವು, ಮೂರೂ ಸಲ ಇ-ಕೊಲೈ ಇಲ್ಲ ಎಂದು ಬಂತು. ಮೂರನೆಯ ಕಾಗದ ಕೈಗೆ ಬಂದ ಸಂಜೆ ಅಪ್ಪನೇ ಗಡಗಡೆಗೆ ಹೊಸ ಹಗ್ಗ ಹಾಕಿ, ಮೊದಲ ಕೊಡ ಎತ್ತಿ ಒಳಗೆ ತಂದಿಟ್ಟರು.