ಮುಖ ಮಸುಕು ಮಾಡಿದರೆ ಸಾಲದು: ಪೋಕ್ಸೊ ಪ್ರಕರಣವೊಂದರ ನನ್ನ ಅನುಭವ

ಸಂತ್ರಸ್ತ ಬಾಲಕಿಯ ಗುರುತು ಬಯಲು ಮಾಡಿದ ಸ್ಥಳೀಯ ವಾಹಿನಿಯೊಂದರ ವಿಡಿಯೊವನ್ನು ತೆಗೆಸುತ್ತೇನೆಂದು ನಾನು ಹೊರಟಾಗ, ಕಲಬುರಗಿ ವಕೀಲರ ಕೊಠಡಿಯಲ್ಲಿ ಹಿರಿಯರೊಬ್ಬರು "ಊರೆಲ್ಲಾ ನೋಡ್ಯಾದ, ಇನ್ನೇನ್ ತೆಗಸ್ತೀರಿ ವಕೀಲ್ರ?" ಎಂದು ನಕ್ಕಿದ್ದರು.

ಮೊದಲ ನೋಟಿಸು ಕೆಟ್ಟದ್ದು ನನ್ನಿಂದಲೇ. ಹೆಸರು, ಮುಖ ತೆಗೆಯಿರಿ ಎಂದಷ್ಟೇ ಬರೆದಿದ್ದೆ. ವಾಹಿನಿಯವರು ಮುಖ ಮಸುಕು ಮಾಡಿ, ಗುಡಿಯ ಕಟ್ಟೆ, ನೀಲಿ ಬಾಗಿಲು, ಅಜ್ಜಿಯ ಧ್ವನಿ ಎಲ್ಲವನ್ನೂ ಹಾಗೆಯೇ ಬಿಟ್ಟು ಮತ್ತೆ ಹಾಕಿದರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಕಲಂ 23(2) ಶಾಲೆ, ಕುಟುಂಬ, ನೆರೆಹೊರೆಯ ವಿವರವನ್ನೂ ನಿಷೇಧಿಸುತ್ತದೆಂಬುದು ಗೊತ್ತಿದ್ದೂ ಒತ್ತಿ ಬರೆದಿರಲಿಲ್ಲ. ನನ್ನ ಎರಡನೆಯ ತಪ್ಪು ಇನ್ನೂ ನಾಚಿಕೆಯದು: ನ್ಯಾಯಾಲಯಕ್ಕೆ ಹಾಕಿದ ನನ್ನದೇ ಅರ್ಜಿಯ ಶೀರ್ಷಿಕೆಯಲ್ಲಿ ಬಾಲಕಿಯ ತಾಯಿಯ ಹೆಸರಿದ್ದು, ಅದು ಎರಡು ಮೂರು ತಾರೀಖು ಪ್ರಕರಣಗಳ ಪಟ್ಟಿಯಲ್ಲಿ ಬಂತು.

ಈ ನಡುವೆ ಒಂದು ಪರೀಕ್ಷೆ ಮಾಡಿದೆ. ಹೆಸರಿಲ್ಲದ ಆರು ಹಳೆಯ ಸುದ್ದಿಗಳನ್ನು ನನ್ನ ಗುಮಾಸ್ತನಿಗೆ ಕೊಟ್ಟೆ. ಫೋನು ಹಚ್ಚಿ ಕೇಳುತ್ತಾ ಅರ್ಧ ಗಂಟೆಯೊಳಗೆ ನಾಲ್ಕರ ಮನೆ ಹೇಳಿದ. ಆರೋಪಿಯನ್ನು 'ಸೋದರಮಾವ' ಎಂದು ಬರೆದು ಅವನ ಹೆಸರು ಹಾಕಿದರೆ ಮುಗಿಯಿತು.

ವಾಹಿನಿಯ ಮೇಲೆ ದೂರು ಕೊಟ್ಟ ಠಾಣೆಯಲ್ಲಿಯೂ ತಡವಾಯಿತು. ಕಲಂ 23ರ ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕೇ ಎಂಬುದರ ಬಗ್ಗೆ 2022ರಲ್ಲಿ ನಮ್ಮದೇ ರಾಜ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಿರುವುದರಿಂದ, ವಾದಕ್ಕಿಳಿಯದೆ ಅನುಮತಿಯನ್ನೇ ತಂದುಬಿಟ್ಟೆ. ಓಡಾಟ, ಟೈಪಿಂಗ್, ಅಂಚೆ ಸೇರಿ ಒಂಬತ್ತು ಸಾವಿರದಷ್ಟು ನನ್ನ ಕೈಯಿಂದ ಹೋಯಿತು. ತೊಗರಿ ಹೊಲದ ಕೂಲಿಯವರಾದ ಬಾಲಕಿಯ ಮನೆಯವರನ್ನು ಕೇಳುವುದು ಹೇಗೆ?

ಕೊನೆಗೆ ಫಲ ಕೊಟ್ಟದ್ದು ಒಂದು ಹಾಳೆ. ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಯಾವ ನಿಮಿಷದಲ್ಲಿ ಶಾಲೆಯ ಫಲಕ, ಯಾವುದರಲ್ಲಿ ಅಜ್ಜಿಯ ಮಾತು ಎಂದು ಸಾಲಾಗಿ ಬರೆದು, ಅದನ್ನು ವರದಿಗಾರನಿಗಲ್ಲ, ಕಲಂ 23(3)ರಂತೆ ಸಮಾನ ಹೊಣೆಗಾರನಾದ ಮಾಲೀಕನಿಗೆ ಕಳುಹಿಸಿದೆ. "ತಂದೆಯೇ ಮಾತಾಡಿದ್ದಾರಲ್ಲ" ಎಂದರು ಮಾಲೀಕರು. ಗುರುತು ಬಯಲು ಮಾಡಲು ಅನುಮತಿ ಕೊಡುವ ಅಧಿಕಾರ ತಂದೆಗಿಲ್ಲ, ವಿಶೇಷ ನ್ಯಾಯಾಲಯಕ್ಕೆ ಮಾತ್ರ, ಅದೂ ಮಗುವಿನ ಹಿತಕ್ಕಾಗಿ, ಕಾರಣ ಬರೆದು ಎಂದೆ. ಜೊತೆಗೇ ಮಗುವಿನ ಗುರುತು ಕಾಯುವ ಹೊಣೆಯನ್ನು ವಿಶೇಷ ನ್ಯಾಯಾಲಯಕ್ಕೇ ಕೊಡುವ ಕಲಂ 33(7)ರಡಿ ಅರ್ಜಿ ಹಾಕಿ, ಹೆಸರಿರುವ ಕಾಗದಗಳನ್ನು ಮುಚ್ಚಿದ ಲಕೋಟೆಗೆ ಸೇರಿಸಿದೆ. ಸಂತ್ರಸ್ತರ ಗುರುತು ಕಾಯುವ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2018ರ ನಿಪುಣ್ ಸಕ್ಸೇನಾ ತೀರ್ಪು ಅಲ್ಲಿ ನೆರವಾಯಿತು.

ಮೂರನೇ ದಿನ ವಿಡಿಯೊ ಹೋಯಿತು, ಅದನ್ನು ನಕಲು ಮಾಡಿದ್ದ ಇನ್ನಿಬ್ಬರದು ವಾರದೊಳಗೆ. ಕಳೆದ ತಿಂಗಳು ಅದೇ ಹಿರಿಯರು ನೋಟಿಸಿನ ನಮೂನೆ ಕೇಳಿದರು. ಹಾಳೆ ಕೊಟ್ಟೆ, ಮಾಲೀಕ ಅದೇ ಸಂಜೆ ಫೋನು ಮಾಡುವಂತೆ ಮಾಡಿದ ನೋಟಿಸಿನ ಮೂರನೆಯ ಪ್ಯಾರಾವನ್ನು ಮಾತ್ರ ಕೊಡಲಿಲ್ಲ.